ನಲವತ್ತಾದ ಮೇಲೂ ಗೋಲು ಕಾಯುವುದು ಹೇಗೆ? ಬುಫೋನ್ ಅವರನ್ನು ನೋಡಿ ಕಲಿಯೋಣ

ಈ ಬರಹ ಮೂವತ್ತೈದು ದಾಟಿದರೂ ಗ್ಲೌಸ್ ಬಿಡದ ಕೀಪರ್‌ಗಳಿಗೆ. ನೀವು ವಾರಕ್ಕೊಮ್ಮೆ ರಾತ್ರಿ ಟರ್ಫ್‌ನಲ್ಲಿ ಆಡುವವರಿರಬಹುದು, ವರ್ಷಕ್ಕೊಮ್ಮೆ ಆಫೀಸ್ ಟೂರ್ನಮೆಂಟ್‌ಗೆ ಇಳಿಯುವವರಿರಬಹುದು, ಡಿವಿಷನ್ ಲೀಗ್ ತಂಡದಲ್ಲಿ ಇನ್ನೂ ಜಾಗ ಹಿಡಿದುಕೊಂಡು ಕೂತವರಿರಬಹುದು. "ನಿನ್ ಕೈಲಿ ಓಡೋಕಾಗಲ್ಲ, ಗೋಲಲ್ಲಿ ನಿಂತ್ಕೋ" ಅಂತ ಅನ್ನಿಸಿಕೊಂಡು ಕೀಪರ್ ಆದವರೂ ಬನ್ನಿ. ನಮ್ಮಲ್ಲಿ ಎಷ್ಟೋ ಜನ ಹಾಗೇ ಬಂದವರು.

ಕಲಿಯೋಕೆ ಒಬ್ಬ ಮೇಷ್ಟ್ರು ಬೇಕಲ್ಲ. ನಾನು ಆರಿಸಿಕೊಂಡಿರುವುದು ಇಟಲಿಯ ಜಾನ್‌ಲುಯಿಜಿ ಬುಫೋನ್ ಅವರನ್ನು. 17ನೇ ವಯಸ್ಸಿಗೆ ಅಲ್ಲಿನ ಮೊದಲ ದರ್ಜೆಯ ಸೀರಿ ಎ ಲೀಗ್‌ನಲ್ಲಿ ಮೊದಲ ಪಂದ್ಯ, 45ಕ್ಕೆ ನಿವೃತ್ತಿ. ಯೂಟ್ಯೂಬ್‌ನಲ್ಲಿ ಅವರ ಹೆಸರು ಹೊಡೆದರೆ ಬರುವುದೆಲ್ಲ ಹಾರಾಟಗಳೇ, ಅದೂ ಹೆಚ್ಚಾಗಿ ಹುಡುಗ ಬುಫೋನ್ ಹಾರಾಟಗಳು. ಅವನ್ನು ನೋಡಿ ಖುಷಿಪಡಿ, ಆದರೆ ಅವನ್ನು ನೋಡಿ ಕಲಿಯಬೇಡಿ. ನಮಗೆ ಬೇಕಾದ ಬುಫೋನ್ ಬೇರೆ. ಬೆನ್ನಿಗೆ ಆಪರೇಷನ್ ಮಾಡಿಸಿಕೊಂಡು ವಾಪಸ್ ಬಂದವರು, 38ರಲ್ಲಿ ಅಷ್ಟೇನೂ ಹಾರದೆ ದಾಖಲೆ ಬರೆದವರು, 41ರಲ್ಲಿ ಎರಡನೇ ಕೀಪರ್ ಆಗೋಕೂ ಒಪ್ಪಿಕೊಂಡವರು.

ನನ್ನ ಪ್ರಕಾರ ವಯಸ್ಸಾದ ಕೀಪರ್ ಉಳಿದುಕೊಳ್ಳುವುದು ಒಂದೇ ದಾರಿಯಲ್ಲಿ: ಹಾರುವ ಅಗತ್ಯವನ್ನೇ ಕಡಿಮೆ ಮಾಡಿಕೊಂಡು. ಈ ಬರಹದಲ್ಲಿ ಬೇರೆ ಏನೇ ಹೇಳಿದರೂ ಕೊನೆಗೆ ಬಂದು ಸೇರುವುದು ಅಲ್ಲಿಗೇ.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ

ಹುಟ್ಟಿದ್ದು 1978ರ ಜನವರಿ 28ರಂದು, ಟಸ್ಕನಿಯ ಕರ್ರಾರಾದಲ್ಲಿ. ಅಮೃತಶಿಲೆಗೆ ಹೆಸರಾದ ಊರು. ಅಮ್ಮ ಡಿಸ್ಕಸ್ ಎಸೆಯುತ್ತಿದ್ದವರು, ಅಪ್ಪ ವೇಟ್‌ಲಿಫ್ಟರ್, ಅಕ್ಕಂದಿರಿಬ್ಬರೂ ವಾಲಿಬಾಲ್ ಆಟಗಾರ್ತಿಯರು. ಆ ಮನೆಯಲ್ಲಿ ಸುಮ್ನೆ ಕೂರುವವರೇ ಇರಲಿಲ್ಲ ಅನ್ನಿ.

ಚಿಕ್ಕಂದಿನಲ್ಲಿ ಅವರು ಆಡುತ್ತಿದ್ದದ್ದು ಮಿಡ್‌ಫೀಲ್ಡ್‌ನಲ್ಲಿ. 1990ರ ವಿಶ್ವಕಪ್ ಇಟಲಿಯಲ್ಲೇ ನಡೆಯಿತು, ಆಗ ಇವರಿಗೆ 12. ಮೊದಲ ಪಂದ್ಯದಲ್ಲೇ ಕ್ಯಾಮರೂನ್ ತಂಡ ಮರಡೋನಾ ಅವರ ಅರ್ಜೆಂಟೀನಾವನ್ನು 1-0ಯಿಂದ ಸೋಲಿಸಿತು. ಆ ತಂಡದ ಕೀಪರ್ ತೋಮಾ ಎನ್‌ಕೊನೊ ಅವರನ್ನು ನೋಡಿದ ಹುಡುಗ ಕೀಪರ್ ಆಗಬೇಕು ಅಂತ ತೀರ್ಮಾನ ಮಾಡಿಬಿಟ್ಟ. ಎಷ್ಟರ ಮಟ್ಟಿಗೆ ಅಂದರೆ ಮುಂದೆ ತನ್ನ ಮೊದಲ ಮಗನಿಗೆ ಲೂಯಿ ತೋಮಾಸ್ ಅಂತ ಆ ಹೆಸರನ್ನೇ ಸೇರಿಸಿ ಇಟ್ಟರು. ಇಲ್ಲಿ ಒಂದು ಗಮನಿಸಿ. ಎನ್‌ಕೊನೊ ಅವರಿಗೂ ಆಗ 33. ಅಂದರೆ ಹುಡುಗ ಮರುಳಾದದ್ದೇ ಒಬ್ಬ ಪಳಗಿದ ಕೀಪರ್‌ಗೆ.

1991ರಲ್ಲಿ ಪಾರ್ಮಾ ಕ್ಲಬ್‌ನ ಅಕಾಡೆಮಿ. 1995ರ ನವೆಂಬರ್ 19ರಂದು ಮಿಲಾನ್ ಎದುರು ಮೊದಲ ಪಂದ್ಯ. ಎದುರಿಗೆ ರಾಬರ್ಟೊ ಬ್ಯಾಜಿಯೊ, ಜಾರ್ಜ್ ವೇಯಾ. ಸ್ಕೋರ್ 0-0. ಎರಡು ವರ್ಷ ಬಿಟ್ಟು ಮಾಸ್ಕೊದಲ್ಲಿ ಹಿಮ ಬೀಳುತ್ತಿರುವಾಗ, ಗಾಯಗೊಂಡ ಪಾಲ್ಯೂಕಾ ಅವರ ಬದಲಿಗೆ ಇಳಿದು ಇಟಲಿ ಪರವಾಗಿ ಮೊದಲ ಪಂದ್ಯ. 2001ರಲ್ಲಿ ಟ್ಯೂರಿನ್‌ನ ಯುವೆಂಟಸ್ ಕ್ಲಬ್ ಸುಮಾರು 5.2 ಕೋಟಿ ಯೂರೊ ಲೆಕ್ಕದಲ್ಲಿ ಕೊಂಡುಕೊಂಡಿತು. ಕೀಪರ್ ಒಬ್ಬರಿಗೆ ಕೊಟ್ಟ ಆ ಬೆಲೆಯನ್ನು 2018ರವರೆಗೆ ಯಾರೂ ಮೀರಿಸಲಿಲ್ಲ. 2006ರಲ್ಲಿ ವಿಶ್ವಕಪ್. ಇಟಲಿ ಪರ ಒಟ್ಟು 176 ಪಂದ್ಯ, ಸೀರಿ ಎಯಲ್ಲಿ 657 ಪಂದ್ಯ, 10 ಲೀಗ್ ಪ್ರಶಸ್ತಿ. ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಮಾತ್ರ ಕೈಗೆ ಸಿಗಲಿಲ್ಲ. 2003, 2015, 2017, ಮೂರು ಸಲವೂ ಫೈನಲ್‌ನಲ್ಲೇ ಸೋಲು.

ಸಾಕು. ಇನ್ನು ನಮ್ಮ ಕೆಲಸ.

ನಿಲ್ಲೋದನ್ನು ಹೊಸದಾಗಿ ಕಲಿಯಿರಿ

2006ರ ಜುಲೈ 9, ಬರ್ಲಿನ್, ಫ್ರಾನ್ಸ್ ಎದುರು ವಿಶ್ವಕಪ್ ಫೈನಲ್, ಹೆಚ್ಚುವರಿ ಸಮಯ. 104ನೇ ನಿಮಿಷದಲ್ಲಿ ಬಲಗಡೆಯಿಂದ ಸಾನ್ಯೋಲ್ ಕ್ರಾಸ್ ಹಾಕುತ್ತಾರೆ, ಜಿದಾನ್ ತಲೆ ಕೊಡುತ್ತಾರೆ, ಬುಫೋನ್ ಚೆಂಡನ್ನು ಬಾರ್ ಮೇಲಿಂದ ಆಚೆ ಕಳಿಸುತ್ತಾರೆ. ಈ ವಿಡಿಯೊ ಹುಡುಕಿ, ನಿಧಾನಕ್ಕೆ ಓಡಿಸಿ, ಚೆಂಡನ್ನು ಬಿಟ್ಟು ಕೀಪರ್ ಕಾಲು ನೋಡಿ. ಕ್ರಾಸ್ ಗಾಳಿಯಲ್ಲಿ ಇರುವಾಗಲೇ ಅವರು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಜಾಗ ಸೇರಿಕೊಂಡಿರುತ್ತಾರೆ. ಹೆಡರ್ ಬಂದದ್ದು ಹೆಚ್ಚು ಕಮ್ಮಿ ನಡುವಿಗೆ, ಬಾರ್‌ನ ಕೆಳಗೆ, ಸಿಕ್ಕಾಪಟ್ಟೆ ಜೋರಾಗಿ. ಅವರು ಅಡ್ಡ ಹಾರಬೇಕಾಗಲೇ ಇಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮಿ ಕೈ ಕೊಟ್ಟರು ಅಷ್ಟೆ. ಅದು ಆ ಟೂರ್ನಿಯ ಅತ್ಯುತ್ತಮ ಸೇವ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸೇವ್‌ನ ಮುಕ್ಕಾಲು ಭಾಗ ಜಿದಾನ್ ತಲೆಗೆ ಚೆಂಡು ತಾಗುವ ಮೊದಲೇ ಮುಗಿದಿತ್ತು.

ಹಾಗಾದರೆ ಜಾಗ ಸೇರಿಕೊಳ್ಳುವುದು ಹೇಗೆ? ಇದಕ್ಕೆ ಹಳೇ ಕಾಲದ ಹಗ್ಗದ ಉಪಾಯ ಇದೆ, ದಯವಿಟ್ಟು ಒಂದು ಸಲ ಮಾಡಿ ನೋಡಿ. ಉದ್ದನೆಯ ಹಗ್ಗ ತಗೊಂಡು ಎರಡು ತುದಿಯನ್ನೂ ಎರಡು ಪೋಸ್ಟ್‌ಗಳ ಬುಡಕ್ಕೆ ಕಟ್ಟಿ. ನಡುಭಾಗವನ್ನು ಗೆಳೆಯರೊಬ್ಬರು ಹಿಡಿದು ಚೆಂಡು ಇರುವ ಜಾಗಕ್ಕೆ ಎಳೆದುಕೊಂಡು ನಿಲ್ಲಲಿ. ಈಗ ಕಾಣುವ ತ್ರಿಕೋನವೇ ಶೂಟ್ ಮಾಡುವವನಿಗೆ ಸಿಗುವ ಗೋಲು. ನೀವು ಅದರೊಳಗೆ ನಿಂತು ಮುಂದೆ ಬರುತ್ತಾ ಹೋಗಿ. ಗೆರೆ ಮೇಲೆ ನಿಂತಾಗ ಎರಡೂ ಹಗ್ಗ ಎಲ್ಲೋ ದೂರ ಇರುತ್ತವೆ, ಎರಡು ಮೂರು ಹೆಜ್ಜೆ ಮುಂದೆ ಬಂದರೆ ಒಂದು ಕೈ ಚಾಚುವಷ್ಟು ಹತ್ತಿರ ಬರುತ್ತವೆ. ಗೆಳೆಯರು ಅಕ್ಕಪಕ್ಕ ಸರಿಯುತ್ತಿರಲಿ, ಪ್ರತಿ ಸಲ ಎರಡೂ ಹಗ್ಗಗಳಿಂದ ಸಮದೂರಕ್ಕೆ ನೀವೂ ಸರಿಯಿರಿ. ಅರ್ಧ ಗಂಟೆ ಇದನ್ನೇ ಮಾಡಿದರೆ ನಿಮ್ಮ ತಲೆಯಲ್ಲಿ ಒಂದು ನಕ್ಷೆ ಕೂರುತ್ತದೆ. ಪೂರ್ತಿ ಅಳತೆಯ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅಷ್ಟನ್ನೂ ಹಾರಿ ಕಾಯೋಕೆ ಇಪ್ಪತ್ತರಲ್ಲೂ ಆಗಲ್ಲ. ಐದೈದು ಜನ ಆಡುವ ಟರ್ಫ್‌ನಲ್ಲಿ ಗೋಲು ಇದರ ಅರ್ಧಕ್ಕಿಂತ ಚಿಕ್ಕದಿರುತ್ತದೆ, ಅಲ್ಲಿ ಒಂದೇ ಹೆಜ್ಜೆ ಮುಂದೆ ಬಂದರೂ ಎದುರಿನವನಿಗೆ ಕಾಣುವುದು ನೀವು ಮಾತ್ರ.

ಒಂದು ಎಚ್ಚರ: ಜಾಸ್ತಿ ಮುಂದೆ ಬಂದರೆ ತಲೆ ಮೇಲಿಂದ ಎತ್ತಿ ಹಾಕುತ್ತಾರೆ. ವಯಸ್ಸಾದವರಿಗೆ ಹಿಂದಕ್ಕೆ ಓಡಿ ನೆಗೆಯುವುದು ಎಲ್ಲಕ್ಕಿಂತ ಕಷ್ಟ. ಎದುರಿನವನು ತಲೆ ಎತ್ತಿ ನೋಡಿದ ಅಂದರೆ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಅವನು ತಲೆ ತಗ್ಗಿಸಿ ಚೆಂಡನ್ನು ನೋಡಿದಾಗ ಮುಂದೆ ಬನ್ನಿ.

ಇನ್ನೊಂದು, ಇದು ಬಹಳ ಮುಖ್ಯ. ಚೆಂಡಿಗೆ ಕಾಲು ತಾಗುವ ಕ್ಷಣದಲ್ಲಿ ನಿಮ್ಮ ಎರಡೂ ಪಾದ ನೆಲದ ಮೇಲಿರಬೇಕು. ಭುಜದಷ್ಟು ಅಗಲ, ಮಂಡಿ ಸ್ವಲ್ಪ ಬಾಗಿದ್ದು, ಭಾರ ಪಾದದ ಮುಂಭಾಗದ ಮೇಲೆ, ಕೈ ಸೊಂಟದ ಮುಂದೆ. ನೀವು ಇನ್ನೂ ಸರಿಯಾದ ಜಾಗ ತಲುಪಿಲ್ಲದಿದ್ದರೂ ಪರವಾಗಿಲ್ಲ, ನಿಂತುಬಿಡಿ. ತಪ್ಪು ಜಾಗದಲ್ಲಿ ನಿಂತಿರುವ ಕೀಪರ್ ಚೆಂಡು ಹಿಡಿಯಬಹುದು, ಸರಿಯಾದ ಜಾಗಕ್ಕೆ ಓಡುತ್ತಿರುವ ಕೀಪರ್‌ಗೆ ಕಾಲು ಬದಲಿಸೋಕೆ ಸಮಯ ಇರಲ್ಲ. ವಾರಾಂತ್ಯದ ಆಟಗಳಲ್ಲಿ ನಾನು ನೋಡುವ ಗೋಲುಗಳಲ್ಲಿ ಜಾಸ್ತಿ ಇಂಥವೇ, ಕೀಪರ್ ಹಿಂದಕ್ಕೆ ಜರುಗುತ್ತಿರುವಾಗ ಪಕ್ಕದಲ್ಲಿ ಮೆತ್ತಗೆ ಉರುಳಿ ಹೋದವು.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮ್ಯಾಚ್‌ಗೆ ಹೋಗಿ ಗೋಲಿನ ಹಿಂದೆ ಕೂತುಕೊಳ್ಳಿ. ಬೆಂಗಳೂರಿನ ಕಂಠೀರವದಲ್ಲಿ ಗುರುಪ್ರೀತ್ ಸಿಂಗ್ ಸಂಧು ಆಡುವುದನ್ನು ನೋಡಿದವರಿಗೆ ಗೊತ್ತಿರುತ್ತದೆ, ಚೆಂಡು ಆ ತುದಿಯಲ್ಲಿದ್ದರೂ ಕೀಪರ್ ಒಂದು ಕಡೆ ನಿಲ್ಲುವುದೇ ಇಲ್ಲ. ಟಿವಿಯಲ್ಲಿ ಇದು ಕಾಣಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ.

ಬೀಳಲೇಬೇಕಾದಾಗ

ಎಷ್ಟೇ ಚೆನ್ನಾಗಿ ನಿಂತರೂ ಕೆಲವು ಸಲ ಬೀಳಲೇಬೇಕು. ಬೀಳುವ ಕ್ರಮ ಹೀಗೆ: ಚೆಂಡಿನ ಕಡೆಯ ಕಾಲನ್ನು ಓರೆಯಾಗಿ ಮುಂದಕ್ಕೆ ಇಡಿ, ಕೈಗಳು ಮೊದಲು ಹೋಗಲಿ, ಮೈ ಹಿಂದೆ ಬರಲಿ. ನೆಲಕ್ಕೆ ತಾಗುವುದು ಮೊದಲು ಮೀನಖಂಡದ ಪಕ್ಕ, ಆಮೇಲೆ ತೊಡೆ, ಸೊಂಟದ ಪಕ್ಕ, ಕೊನೆಗೆ ಭುಜದ ಹಿಂಭಾಗ. ಕೆಳಗಿನ ಕೈ ಚೆಂಡಿನ ಹಿಂದೆ, ಮೇಲಿನ ಕೈ ಚೆಂಡಿನ ಮೇಲೆ. ಮೊಣಕೈ ಊರಬೇಡಿ. ಹೊಟ್ಟೆ ಮೇಲೆ ಬೀಳಬೇಡಿ. ಇಪ್ಪತ್ತರಲ್ಲಿ ಮೊಣಕೈ ಊರಿದರೆ ಚರ್ಮ ಕಿತ್ತು ಹೋಗುತ್ತದೆ, ನಲವತ್ತರಲ್ಲಿ ಊರಿದರೆ ಭುಜವೇ ಹೋಗಬಹುದು.

ಭುಜದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 2005ರ ಆಗಸ್ಟ್‌ನಲ್ಲಿ ಮಿಲಾನ್ ಎದುರಿನ ಒಂದು ಸೌಹಾರ್ದ ಟ್ರೋಫಿ ಪಂದ್ಯದಲ್ಲಿ ಬುಫೋನ್ ಮತ್ತು ಕಾಕಾ ಡಿಕ್ಕಿಯಾದರು, ಬುಫೋನ್ ಭುಜದ ಕೀಲು ತಪ್ಪಿತು. ತಿಂಗಳುಗಟ್ಟಲೆ ಆಟದಿಂದ ಹೊರಗೆ. ಮಿಲಾನ್‌ನವರೇ ತಮ್ಮ ಕೀಪರ್ ಅಬ್ಬಿಯಾತಿ ಅವರನ್ನು ಯುವೆಂಟಸ್‌ಗೆ ಎರವಲು ಕೊಟ್ಟರು, ಅಂಥ ಮರ್ಯಾದೆ ಇತ್ತು ಆಗ. ಅದಕ್ಕೂ ಮೊದಲು ಕೈ ಮುರಿದು 2000ದ ಯೂರೊ ಕಪ್ ತಪ್ಪಿಹೋಗಿತ್ತು. 2010ರ ವಿಶ್ವಕಪ್‌ನಲ್ಲಿ ಪರಾಗ್ವೆ ಎದುರು ಅರ್ಧ ಪಂದ್ಯ ಆಗುವಷ್ಟರಲ್ಲಿ ಬೆನ್ನು ಹಿಡಿದುಕೊಂಡು ಆಚೆ ಬಂದರು, ಡಿಸ್ಕ್ ಸಮಸ್ಯೆ, ಆಪರೇಷನ್. ಆಗ ಅವರಿಗೆ 32. ಇವರ ಕಾಲ ಮುಗಿಯಿತು ಅಂತ ಮಾತಾಡಿದವರು ಬಹಳ ಜನ. ಅದಾದ ಮೇಲೆ ಇನ್ನೂ 13 ವರ್ಷ ಆಡಿದರು.

ಹಾಗಾಗಿ ಕೈ, ಭುಜ, ಬೆನ್ನು ಈ ಮೂರನ್ನು ನೋಡಿಕೊಳ್ಳಿ, ಜೊತೆಗೆ ತೊಡೆಸಂದು. ಜಿಮ್‌ಗೆ ಹೋಗಲೇಬೇಕು ಅಂತಿಲ್ಲ. ವಾರಕ್ಕೆ ಎರಡು ದಿನ, ಮನೆಯಲ್ಲೇ, ರಬ್ಬರ್ ಬ್ಯಾಂಡ್ ಇಟ್ಟುಕೊಂಡು ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ಎಳೆಯುವ ಭುಜದ ವ್ಯಾಯಾಮ, ಸೈಡ್ ಪ್ಲ್ಯಾಂಕ್, ಮಲಗಿಕೊಂಡು ಸೊಂಟ ಎತ್ತುವ ಬ್ರಿಜ್, ಮತ್ತೆ ಮೇಲಿನ ಕಾಲನ್ನು ಕುರ್ಚಿ ಮೇಲಿಟ್ಟು ಮಾಡುವ ಕೋಪನ್‌ಹೇಗನ್ ಪ್ಲ್ಯಾಂಕ್. ಈ ಕೊನೆಯದು ತೊಡೆಸಂದಿಗೆ. ಮೊದಲ ವಾರ ಕಣ್ಣಲ್ಲಿ ನೀರು ಬರುತ್ತದೆ, ಮಂಡಿಯನ್ನು ಕುರ್ಚಿ ಮೇಲಿಟ್ಟು ಸುಲಭ ಮಾಡಿಕೊಂಡು ಶುರು ಮಾಡಿ. ಬೆನ್ನು ನೋವು ಕಾಲಿಗೆ ಇಳಿಯುತ್ತಿದ್ದರೆ, ಕೈ ಎತ್ತಿದಾಗ ಭುಜ ಜಾರಿದ ಹಾಗೆ ಅನ್ನಿಸಿದರೆ ಈ ವ್ಯಾಯಾಮಗಳನ್ನೂ ಬಿಟ್ಟು ಮೊದಲು ಮೂಳೆ ಡಾಕ್ಟರ್ ಹತ್ತಿರ ಹೋಗಿ.

ವಾರ್ಮ್‌ಅಪ್ ಬಗ್ಗೆ ಜಗಳ ಬೇಡ. ಎಲ್ಲರೂ ಬಂದ ಕೂಡಲೇ ಕೀಪರ್‌ಗೆ ಜೋರಾಗಿ ಶೂಟ್ ಮಾಡೋಕೆ ಶುರು ಮಾಡುತ್ತಾರೆ, ಅದು ಅವರ ವಾರ್ಮ್‌ಅಪ್, ನಿಮ್ಮದಲ್ಲ. ಹದಿನೈದು ನಿಮಿಷ ಮುಂಚೆ ಬನ್ನಿ. ಜಾಗಿಂಗ್, ಸೊಂಟ ತಿರುಗಿಸುವುದು, ಪಕ್ಕಕ್ಕೆ ಹೆಜ್ಜೆ, ಆಮೇಲೆ ಯಾರಾದರೂ ಕೈಯಿಂದ ಎಸೆದ ಚೆಂಡು ಹಿಡಿಯುವುದು, ಮಂಡಿಯೂರಿ ಎರಡೂ ಕಡೆ ಮೆಲ್ಲಗೆ ಬೀಳುವುದು. ಶೂಟಿಂಗ್ ಅದಾದ ಮೇಲೆ. ಟರ್ಫ್ ಆದರೆ ಮಂಡಿ ಮುಚ್ಚುವ ಟೈಟ್ಸ್ ಹಾಕಿ, ಆ ರಬ್ಬರ್ ಕಾಳುಗಳ ಮೇಲೆ ಜಾರಿದರೆ ಸುಟ್ಟ ಹಾಗೆ ಉರಿಯುತ್ತದೆ, ಸ್ನಾನ ಮಾಡುವಾಗ ನೆನಪಾಗುತ್ತದೆ.

ಊಟದ ಬಗ್ಗೆ ಹೇಳೋಕೆ ನನಗೆ ದೊಡ್ಡ ಜ್ಞಾನ ಇಲ್ಲ. ಇಟಲಿಯ ಇನ್ನೊಬ್ಬ ಮಹಾ ಕೀಪರ್ ದೀನೊ ಜೋಫ್ ಹುಡುಗನಾಗಿದ್ದಾಗ ಕುಳ್ಳ ಅಂತ ಇಂಟರ್ ಮತ್ತು ಯುವೆಂಟಸ್ ಎರಡೂ ಕಡೆ ಬೇಡ ಅಂದಿದ್ದವು, ಆಮೇಲೆ ಅಜ್ಜಿ ದಿನಾ ಎಂಟು ಮೊಟ್ಟೆ ತಿನ್ನಿಸಿ ಎತ್ತರ ಮಾಡಿಸಿದರಂತೆ. ನಲವತ್ತರಲ್ಲಿ ನಾವು ಎಂಟು ಮೊಟ್ಟೆ ತಿಂದರೆ ಬೆಳೆಯುವುದು ಬೇರೆ ದಿಕ್ಕಿನಲ್ಲಿ. ಅದೇ ಜೋಫ್ 1982ರಲ್ಲಿ 40ನೇ ವಯಸ್ಸಿಗೆ ನಾಯಕರಾಗಿ ವಿಶ್ವಕಪ್ ಎತ್ತಿದರು. ಬ್ರೆಜಿಲ್ ಎದುರಿನ ಪಂದ್ಯದ ಕೊನೆ ನಿಮಿಷಗಳಲ್ಲಿ ಓಸ್ಕರ್ ಹೆಡರ್ ಅನ್ನು ಗೆರೆಯ ಮೇಲೆಯೇ ಬಿದ್ದು ಹಿಡಿದ ಸೇವ್ ಅವರದ್ದು. ಇಟಲಿ 3-2ರಿಂದ ಗೆದ್ದಿತು. ಮುಂದಕ್ಕೆ ತಳ್ಳಿದ್ದರೆ ಯಾರೋ ಒದ್ದು ಒಳಗೆ ಹಾಕುತ್ತಿದ್ದರು, ಅವರು ಹಿಡಿದು ಅಲ್ಲೇ ಅದುಮಿಕೊಂಡರು.

ಮಳೆಗಾಲದಲ್ಲಿ ಮಾತ್ರ ಈ ಹಿಡಿಯುವ ಆಸೆ ಬಿಡಿ. 2019ರ ಮಾರ್ಚ್, ಪ್ಯಾರಿಸ್, ಮಳೆ ರಾತ್ರಿ. ಬುಫೋನ್ ಆಗ 41, ಪಿಎಸ್‌ಜಿ ಪರ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಚಾಂಪಿಯನ್ಸ್ ಲೀಗ್ ಆಡುತ್ತಿದ್ದರು. ರಾಶ್‌ಫರ್ಡ್ ದೂರದಿಂದ ಹೊಡೆದ ಚೆಂಡು ಒದ್ದೆ ನೆಲಕ್ಕೆ ಬಡಿದು ಬಂತು, ಬುಫೋನ್ ಎದೆಗೆ ಅಪ್ಪಿಕೊಳ್ಳೋಕೆ ಹೋದರು, ಚೆಂಡು ಮುಂದಕ್ಕೆ ಚಿಮ್ಮಿತು, ಲುಕಾಕು ಓಡಿ ಬಂದು ಗೋಲು ಹೊಡೆದರು. ಮೊದಲ ಪಂದ್ಯ 2-0ಯಿಂದ ಗೆದ್ದಿದ್ದ ಪಿಎಸ್‌ಜಿ ಆ ರಾತ್ರಿ ಟೂರ್ನಿಯಿಂದಲೇ ಹೊರಬಿತ್ತು. ಅಂಥವರ ಕೈಯಿಂದಲೇ ಜಾರುತ್ತದೆ ಅಂದರೆ ನಮ್ಮ ಕೈ ಯಾವ ಲೆಕ್ಕ. ನೆಲ ಒದ್ದೆ ಇದ್ದು ಚೆಂಡು ನಿಮ್ಮ ಮುಂದೆಯೇ ಪುಟಿಯುತ್ತಿದೆ ಅಂದರೆ ಹಿಡಿಯಬೇಡಿ, ಅಂಗೈ ಗಟ್ಟಿ ಮಾಡಿ ಪಕ್ಕಕ್ಕೆ ತಳ್ಳಿ. ಪಕ್ಕಕ್ಕೆ ಅಂದರೆ ಕಾರ್ನರ್ ಕಡೆಗೆ, ಮುಂದಕ್ಕಲ್ಲ. ಹಿಡಿಯಲೇಬೇಕು ಅಂದರೆ ಮಂಡಿಯನ್ನೋ ಮೈಯನ್ನೋ ಕೈ ಹಿಂದೆ ಅಡ್ಡ ಇಡಿ.

ಬಾಯಿ ಬಿಡಿ

2016ರಲ್ಲಿ ಬುಫೋನ್ ಸೀರಿ ಎಯಲ್ಲಿ 974 ನಿಮಿಷ ಒಂದೂ ಗೋಲು ಬಿಡಲಿಲ್ಲ. ಮಿಲಾನ್‌ನ ಸೆಬಾಸ್ಟಿಯಾನೊ ರೊಸ್ಸಿ ಅವರ 929 ನಿಮಿಷಗಳ ಹಳೇ ದಾಖಲೆ ಮುರಿಯಿತು. ಮುರಿದ ಅದೇ ಪಂದ್ಯದಲ್ಲಿ, ಟ್ಯೂರಿನ್‌ನ ಎರಡು ತಂಡಗಳ ನಡುವಿನ ಡರ್ಬಿಯಲ್ಲಿ, ಬೆಲೊಟ್ಟಿ ಪೆನಾಲ್ಟಿಯಿಂದ ಈ ಸರಣಿಯೂ ಮುಗಿಯಿತು. ಆಗ ಅವರಿಗೆ 38. ಆದರೆ ಆ ಪಂದ್ಯಗಳನ್ನು ನೋಡಿದರೆ ಕಣ್ಣು ಕುಕ್ಕುವ ಸೇವ್‌ಗಳು ಅಷ್ಟೊಂದು ಸಿಗಲ್ಲ. ಅವರ ಮುಂದೆ ಡಿಫೆಂಡರ್‌ಗಳಾದ ಬರ್ಜಾಲಿ, ಬೊನುಚಿ, ಕಿಯೆಲ್ಲಿನಿ ಇದ್ದರು, ಹಿಂದೆ ನಿಂತ ಬುಫೋನ್ ತೊಂಬತ್ತು ನಿಮಿಷವೂ ಅವರ ಜೊತೆ ಮಾತಾಡುತ್ತಲೇ ಇರುತ್ತಿದ್ದರು.

ನಮಗೂ ಇದೇ ಬೇಕು. ಮೈದಾನ ಪೂರ್ತಿ ಕಾಣುವುದು ಕೀಪರ್ ಒಬ್ಬರಿಗೇ. ಕಂಡದ್ದನ್ನು ಹೇಳದಿದ್ದರೆ ಆ ಶೂಟ್ ನಿಮಗೇ ಬರುತ್ತದೆ. ಹೇಳುವ ರೀತಿ ಇದೆ: ಮೊದಲು ಹೆಸರು, ಆಮೇಲೆ ಕೆಲಸ. "ಮಂಜು, ಎಡಕ್ಕೆ!" "ಇರ್ಫಾನ್, ಹಿಂದೆ ಒಬ್ಬ!" ಹೆಸರಿಲ್ಲದೆ "ಏಯ್ ಮಾರ್ಕ್ ಮಾಡ್ರೋ" ಅಂದರೆ ಎಲ್ಲರೂ ಬೇರೆಯವರಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ. ಕ್ರಾಸ್ ಬಂದಾಗ "ಕೀಪರ್!" ಅಂತ ಒಂದೇ ಸಲ, ಜೋರಾಗಿ, ಬೇಗ. ಕೂಗಿದ ಮೇಲೆ ಹೋಗಲೇಬೇಕು, ನಡುದಾರಿಯಲ್ಲಿ ಮನಸ್ಸು ಬದಲಾಯಿಸಬಾರದು. ನೆಗೆಯೋಕೆ ಆಗಲ್ಲ ಅನ್ನಿಸಿದರೆ ಹೋಗಬೇಡಿ, "ಔಟ್!" ಅಂತ ಕೂಗಿ ಗೆರೆ ಹತ್ತಿರ ಇರಿ. ಅದರಲ್ಲಿ ನಾಚಿಕೆ ಏನಿಲ್ಲ.

ಗೋಲು ಬಿದ್ದ ಮೇಲೆ ಡಿಫೆಂಡರ್‌ನ ಬೈಯುವ ಕೀಪರ್‌ಗಳಿದ್ದಾರಲ್ಲ, ನನಗೆ ಅವರನ್ನು ಕಂಡರೆ ಆಗಲ್ಲ. ಹೇಳುವುದೇನಿದ್ದರೂ ಮೊದಲೇ ಹೇಳಬೇಕಿತ್ತು.

ಕಾಲಿನ ಆಟದ ಬಗ್ಗೆ ಎರಡೇ ಮಾತು. 1992ರಿಂದ ಬ್ಯಾಕ್‌ಪಾಸ್, ಅಂದರೆ ನಮ್ಮವರೇ ಬೇಕಂತ ಕಾಲಿನಿಂದ ಕೊಟ್ಟ ಚೆಂಡು, ಕೈಯಲ್ಲಿ ಹಿಡಿಯುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ಚೆಂಡು ಕಾಲಿಗೆ ಬಂದರೆ ಮೊದಲ ಟಚ್ ಗೋಲಿನಿಂದ ಹೊರಗಡೆಗೆ ಇರಲಿ, ಗೋಲಿನ ಮುಂದೆ ಅಡ್ಡ ಪಾಸ್ ಬೇಡವೇ ಬೇಡ. ಹಾಗೇ ಹೊಸ ನಿಯಮ ಗೊತ್ತಿರಲಿ: 2025-26ರ ಋತುವಿನಿಂದ ಕೀಪರ್ 8 ಸೆಕೆಂಡ್‌ಗಿಂತ ಜಾಸ್ತಿ ಚೆಂಡು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡ್ ರೆಫರಿ ಕೈ ಎತ್ತಿ ಎಣಿಸುತ್ತಾರೆ. ಉಸಿರು ಸುಧಾರಿಸಿಕೊಳ್ಳೋಕೆ ಚೆಂಡಿನ ಮೇಲೆ ಮಲಗುವ ನಮ್ಮ ಹಳೇ ಉಪಾಯ ಇನ್ನು ಟೂರ್ನಮೆಂಟ್‌ನಲ್ಲಿ ನಡೆಯಲ್ಲ.

ಪೆನಾಲ್ಟಿ

2003ರ ಚಾಂಪಿಯನ್ಸ್ ಲೀಗ್ ಫೈನಲ್ ಶೂಟೌಟ್‌ನಲ್ಲಿ ಬುಫೋನ್ ಎರಡು ಪೆನಾಲ್ಟಿ ತಡೆದರು, ಯುವೆಂಟಸ್ ಸೋತಿತು. 2006ರ ವಿಶ್ವಕಪ್ ಫೈನಲ್ ಶೂಟೌಟ್‌ನಲ್ಲಿ ಒಂದನ್ನೂ ತಡೆಯಲಿಲ್ಲ, ತ್ರೆಜಗೆ ಹೊಡೆದದ್ದು ಬಾರ್‌ಗೆ ಬಡಿಯಿತು, ಇಟಲಿ ಗೆದ್ದಿತು. ಆದ್ದರಿಂದ ಪೆನಾಲ್ಟಿಯಲ್ಲಿ ಗೋಲು ಬಿಟ್ಟರೆ ಅಷ್ಟು ಬೇಜಾರು ಮಾಡಿಕೊಳ್ಳಬೇಡಿ. 11 ಮೀಟರ್ ದೂರ, ಅರ್ಧ ಸೆಕೆಂಡ್ ಆಟ.

ವಯಸ್ಸಾದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಕಾಯೋ ತಾಳ್ಮೆ. ಹುಡುಗರು ಮೊದಲೇ ಒಂದು ಕಡೆ ಹಾರಿಬಿಡುತ್ತಾರೆ. ನೀವು ಕಡೇ ಗಳಿಗೆವರೆಗೂ ನಿಂತುಕೊಳ್ಳಿ, ಹೊಡೆಯುವವನ ಊರುಗಾಲು, ಅಂದರೆ ಚೆಂಡಿನ ಪಕ್ಕ ನೆಲಕ್ಕೆ ಊರುವ ಕಾಲು ನೋಡಿ. ಆ ಪಾದ ಯಾವ ಕಡೆ ತಿರುಗಿದೆಯೋ ಹೆಚ್ಚಿನ ಸಲ ಚೆಂಡು ಆ ಕಡೆಗೇ ಬರುತ್ತದೆ. ವಾರಾಂತ್ಯದ ಆಟಗಾರರಲ್ಲಂತೂ ಇದು ಇನ್ನೂ ನಿಜ, ಕಣ್ಣು ಒಂದು ಕಡೆ ಕಾಲು ಒಂದು ಕಡೆ ಇಡುವಷ್ಟು ಕಲೆ ನಮ್ಮಲ್ಲಿ ಯಾರಿಗಿದೆ? ಒದೆಯುವ ಕ್ಷಣಕ್ಕೆ ಒಂದು ಪಾದವಾದರೂ ಗೆರೆಯ ಮೇಲೆ ಅಥವಾ ಗೆರೆಯ ನೇರಕ್ಕೆ ಇರಬೇಕು, ಅದು ನೆನಪಿರಲಿ. 2018ರ ವಿಶ್ವಕಪ್‌ನಲ್ಲಿ ಈಜಿಪ್ಟ್‌ನ ಎಸಾಂ ಎಲ್ ಹದರಿ ಸೌದಿ ಅರೇಬಿಯಾ ಎದುರು ಪೆನಾಲ್ಟಿ ತಡೆದಾಗ ಅವರಿಗೆ 45 ವರ್ಷ 161 ದಿನ. ವಿಶ್ವಕಪ್ ಆಡಿದ ಎಲ್ಲರಿಗಿಂತ ಹಿರಿಯ ಅನ್ನೋ ದಾಖಲೆಯೂ ಆ ದಿನವೇ ಆಯ್ತು.

ಗೋಲು ಬಿಟ್ಟ ಮೇಲೆ ಏನು ಮಾಡಬೇಕು

2016ರ ಅಕ್ಟೋಬರ್ 6, ಟ್ಯೂರಿನ್, ಸ್ಪೇನ್ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ಬುಫೋನ್ ಪೆನಾಲ್ಟಿ ಬಾಕ್ಸ್‌ನಿಂದ ಆಚೆ ಓಡಿ ಬಂದು ಚೆಂಡು ಒದೆಯೋಕೆ ಹೋದರು, ಕಾಲು ಚೆಂಡಿಗೆ ತಾಗಲೇ ಇಲ್ಲ, ವಿತೊಲೊ ಖಾಲಿ ಗೋಲಿಗೆ ತಳ್ಳಿದರು. ಟಿವಿಯಲ್ಲಿ ಅದನ್ನು ಎಷ್ಟು ಸಲ ತೋರಿಸಿದರೋ. ಬುಫೋನ್ ಆ ಪಂದ್ಯದ ಉಳಿದ ಹೊತ್ತು ಪೂರ್ತಿ ಆಡಿದರು, ಇಟಲಿ 1-1ರಲ್ಲಿ ಡ್ರಾ ಮಾಡಿಕೊಂಡಿತು, ಮುಂದಿನ ಪಂದ್ಯಕ್ಕೆ ಮತ್ತೆ ಅವರೇ ಕೀಪರ್.

ಹೀಗಾದಾಗ ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ಬಲೆಯಿಂದ ಚೆಂಡು ನೀವೇ ತೆಗೆದು ನಡುವಿಗೆ ಎಸೆಯಿರಿ. ಗ್ಲೌಸ್‌ನ ಪಟ್ಟಿ ಬಿಚ್ಚಿ ಮತ್ತೆ ಬಿಗಿ ಮಾಡಿ, ನೀರು ಕುಡಿಯಿರಿ. ಮುಂದಿನ ಚೆಂಡು ಬರುವಷ್ಟರಲ್ಲಿ ಡಿಫೆಂಡರ್ ಒಬ್ಬರಿಗಾದರೂ ಹೆಸರು ಹಿಡಿದು ಏನಾದರೂ ಹೇಳಿ, ಬಾಯಿ ಆಡಿದರೆ ತಲೆ ಆಟಕ್ಕೆ ವಾಪಸ್ ಬರುತ್ತದೆ. ಏನು ತಪ್ಪಾಯ್ತು ಅನ್ನೋ ವಿಚಾರಣೆ ಮನೆಗೆ ಹೋದ ಮೇಲೆ. ಮುಂದಿನ ಹೈ ಬಾಲ್‌ಗೆ ಹೆದರಿ ಗೆರೆಗೆ ಅಂಟಿಕೊಳ್ಳುವುದೂ ಬೇಡ, ಮರ್ಯಾದೆ ವಾಪಸ್ ತರುತ್ತೇನೆ ಅಂತ ಎಲ್ಲದಕ್ಕೂ ನುಗ್ಗುವುದೂ ಬೇಡ.

ಮನಸ್ಸು ಇದಕ್ಕಿಂತ ಆಳಕ್ಕೆ ಇಳಿದಿದ್ದರೆ ಅದು ಬೇರೆ ಮಾತು. ಇಪ್ಪತ್ತೈದರ ಆಸುಪಾಸಿನಲ್ಲಿ, ದುಡ್ಡು ಹೆಸರು ಎರಡೂ ಇದ್ದ ಕಾಲದಲ್ಲೇ, ಬುಫೋನ್ ಖಿನ್ನತೆಗೆ ಬಿದ್ದಿದ್ದರು. ಕಾಲು ನಡುಗುತ್ತಿತ್ತು, ಯಾವುದರಲ್ಲೂ ಆಸಕ್ತಿ ಇರಲಿಲ್ಲ ಅಂತ ಆಮೇಲೆ ಅವರೇ ಬಿಚ್ಚಿ ಹೇಳಿದ್ದಾರೆ. ಮನಶ್ಶಾಸ್ತ್ರಜ್ಞರ ಸಹಾಯ ತಗೊಂಡರು, ಹತ್ತಿರದವರ ಜೊತೆ ಮಾತಾಡಿದರು, ಟ್ಯೂರಿನ್‌ನಲ್ಲಿ ನಡೆಯುತ್ತಿದ್ದ ಶಗಾಲ್ ಚಿತ್ರಗಳ ಪ್ರದರ್ಶನಕ್ಕೆ ಹೋಗಿ ಬಂದದ್ದೂ ಸಹಾಯ ಮಾಡಿತಂತೆ. ನಮ್ಮ ಕಡೆ ಗಂಡಸರು ಇದನ್ನು ಬಾಯಿ ಬಿಟ್ಟು ಹೇಳುವುದೇ ಕಡಿಮೆ. ಆಟಕ್ಕೆ ಬರಬೇಕು ಅಂತಲೇ ಅನ್ನಿಸುತ್ತಿಲ್ಲ, ನಿದ್ದೆ ಇಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ, ತಂಡದಲ್ಲಿ ಒಬ್ಬರಿಗಾದರೂ ಹೇಳಿ.

ಹಾಗಂತ ಬುಫೋನ್ ಶಾಂತಮೂರ್ತಿಯೂ ಅಲ್ಲ. 2018ರಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟಾಗ ರೆಫರಿ ಮೇಲೆ ಎಗರಾಡಿ ರೆಡ್ ಕಾರ್ಡ್ ತಗೊಂಡರು, ಆಮೇಲೆ ಆ ರೆಫರಿಗೆ ಹೃದಯದ ಜಾಗದಲ್ಲಿ ಕಸದ ತೊಟ್ಟಿ ಇದೆ ಅಂದರು, ಮೂರು ಪಂದ್ಯದ ನಿಷೇಧ ಬಂತು. 40 ವರ್ಷದ ಮನುಷ್ಯ! ಇದನ್ನು ಮಾತ್ರ ಕಲಿಯಬೇಡಿ. ನಿಮ್ಮ ಪಂದ್ಯದ ರೆಫರಿ ಹೆಚ್ಚಾಗಿ ಇನ್ನೊಂದು ತಂಡದಿಂದ ಕಡ ತಂದ ಗೆಳೆಯನೇ ಆಗಿರುತ್ತಾನೆ.

ಬೆಂಚ್ ಮೇಲೆ ಕೂರೋದು

ಇದು ನನಗೆ ಅವರ ಕಥೆಯಲ್ಲಿ ಅತಿ ಇಷ್ಟದ ಭಾಗ. 2006ರ ಜುಲೈ 9ರಂದು ವಿಶ್ವಕಪ್ ಗೆದ್ದರು. ಫಿಕ್ಸಿಂಗ್ ಹಗರಣದಲ್ಲಿ ಯುವೆಂಟಸ್ ತಂಡವನ್ನು ಸೀರಿ ಬಿಗೆ ಇಳಿಸಿದರು, ದೊಡ್ಡ ದೊಡ್ಡವರು ಬಿಟ್ಟು ಹೋದರು. ಬುಫೋನ್ ಉಳಿದರು. ಸೆಪ್ಟೆಂಬರ್ 9ಕ್ಕೆ, ಸರಿಯಾಗಿ ಎರಡು ತಿಂಗಳಿಗೆ, ರಿಮಿನಿ ಅನ್ನೋ ಕಡಲ ತಡಿಯ ಊರಿನಲ್ಲಿ ಎರಡನೇ ದರ್ಜೆಯ ಪಂದ್ಯ. 1-1 ಡ್ರಾ. ಜಗತ್ತಿನ ಅತ್ಯುತ್ತಮ ಕೀಪರ್ ಅಲ್ಲಿ ನಿಂತು ಗೋಲು ಬಿಟ್ಟರು, ಮಾರನೇ ವಾರ ಮತ್ತೆ ಹೋಗಿ ನಿಂತರು.

2018ರಲ್ಲಿ ಪಿಎಸ್‌ಜಿಗೆ ಹೋಗಿ ಒಂದು ವರ್ಷ ಆಡಿ 2019ರಲ್ಲಿ ಯುವೆಂಟಸ್‌ಗೆ ವಾಪಸ್ ಬಂದಾಗ ಅಲ್ಲಿ ಶ್ಚೆಸ್ನಿ ಮೊದಲ ಕೀಪರ್ ಆಗಿದ್ದರು. ಶ್ಚೆಸ್ನಿ 1ನೇ ನಂಬರ್ ಅಂಗಿ ಬಿಟ್ಟುಕೊಡೋಕೆ ಬಂದರು, ಕಿಯೆಲ್ಲಿನಿ ನಾಯಕನ ಪಟ್ಟಿ ಕೊಡೋಕೆ ಬಂದರು. ಬುಫೋನ್ ಎರಡೂ ಬೇಡ ಅಂದು 77 ಹಾಕಿಕೊಂಡು ಬೆಂಚ್ ಮೇಲೆ ಕೂತರು. ಅಪರೂಪಕ್ಕೆ ಸಿಕ್ಕ ಪಂದ್ಯಗಳಲ್ಲೇ 2020ರ ಜುಲೈ 4ಕ್ಕೆ ಸೀರಿ ಎಯಲ್ಲಿ ಮಾಲ್ದಿನಿ ಅವರ 647 ಪಂದ್ಯಗಳ ದಾಖಲೆ ದಾಟಿದರು. 2021ರಲ್ಲಿ ಇಟಲಿಯ ಕಪ್ ಟೂರ್ನಿ ಕೊಪ್ಪಾ ಇಟಾಲಿಯಾದ ಫೈನಲ್ ಆಡಿ ಗೆದ್ದು, ಶುರು ಮಾಡಿದ ಪಾರ್ಮಾಗೇ ಹೋದರು. ಅದು ಆಗ ಸೀರಿ ಬಿಗೆ ಬಿದ್ದಿತ್ತು. ಎರಡು ಋತು ಆಡಿ 2023ರ ಆಗಸ್ಟ್ 2ರಂದು ನಿವೃತ್ತಿ ಹೇಳಿದರು.

ನಮ್ಮ ಮಟ್ಟದಲ್ಲಿ ಇದನ್ನು ಮಾಡೋದು ಹೇಗೆ ಅಂದರೆ, ಚುರುಕಾದ ಹುಡುಗ ತಂಡಕ್ಕೆ ಬಂದ ದಿನ ಮುನಿಸಿಕೊಂಡು ವಾಟ್ಸ್ಯಾಪ್ ಗ್ರೂಪ್ ಬಿಡಬೇಡಿ. ದೊಡ್ಡ ಪಂದ್ಯ ಅವನಿಗೆ, ಸಣ್ಣದು ನಿಮಗೆ, ಅಥವಾ ಒಂದು ಹಾಫ್ ಅವನು ಒಂದು ಹಾಫ್ ನೀವು ಅಂತ ಮೊದಲೇ ಮಾತಾಡಿಕೊಳ್ಳಿ. ಬೆಂಚ್‌ನಲ್ಲಿದ್ದಾಗ ಮೈ ತಣ್ಣಗಾಗೋಕೆ ಬಿಡಬೇಡಿ, ಹತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಿ, ಯಾಕಂದರೆ ಅವನಿಗೆ ಪೆಟ್ಟಾದರೆ ನೀವು ಆ ಕ್ಷಣವೇ ಇಳಿಯಬೇಕು. ಅವನಿಗೆ ವಾರ್ಮ್‌ಅಪ್ ನೀವೇ ಮಾಡಿಸಿ. ಎದುರಿನ ತಂಡದಲ್ಲಿ ಯಾರು ಎಡಗಾಲಿನವರು, ಯಾರು ಸುಮ್ನೆ ಜೋರಾಗಿ ಒದೆಯುವವರು ಅನ್ನೋದು ನಿಮಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರಲ್ಲ. ಹೇಳಿಕೊಡಿ. ಕೋಚ್ ಮಾಡುತ್ತಿದ್ದೇನೆ ಅನ್ನೋ ಗತ್ತು ಮಾತ್ರ ಬೇಡ, ಹುಡುಗರಿಗೆ ಆಗಿಬರಲ್ಲ.

ಗ್ಲೌಸ್ ಬಗ್ಗೆ ಹೇಳದೆ ಬಿಟ್ಟರೆ ಕಾಮೆಂಟ್‌ನಲ್ಲಿ ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ಬೆರಳ ತುದಿಯಲ್ಲಿ ಒಂಚೂರು ಜಾಗ ಉಳಿಯುವ ಅಳತೆ ತಗೊಳ್ಳಿ. ಟರ್ಫ್‌ಗೆ ಮೆತ್ತನೆ ದುಬಾರಿ ಲ್ಯಾಟೆಕ್ಸ್ ಬೇಡ, ನಾಲ್ಕು ಸಲಕ್ಕೇ ಅಂಗೈ ಹರಿಯುತ್ತದೆ, ಬಾಳಿಕೆ ಬರುವ ಗಟ್ಟಿ ಅಂಗೈಯದ್ದು ಸಾಕು. ಆಡುವ ಮೊದಲು ಅಂಗೈಗೆ ಸ್ವಲ್ಪ ನೀರು ಹಚ್ಚಿ, ಒಣ ಲ್ಯಾಟೆಕ್ಸ್ ಹಿಡಿಯಲ್ಲ. ಆಡಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹಿಂಡದೆ ಮೆಲ್ಲಗೆ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ, ಬ್ಯಾಗಿನಲ್ಲೇ ಬಿಟ್ಟು ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಮುಂದಿನ ವಾರ ಆ ವಾಸನೆಗೇ ಡಿಫೆಂಡರ್‌ಗಳು ಹತ್ತಿರ ಬರಲ್ಲ. ಎರಡು ಅಂಗೈ ಒಂದಕ್ಕೊಂದು ತಾಗುವ ಹಾಗೆ ಮಡಚಿ ಇಡಬೇಡಿ, ಅಂಟಿಕೊಳ್ಳುತ್ತವೆ. ಬೆರಳು ಒಮ್ಮೆ ಉಳುಕಿದ್ದರೆ ಗ್ಲೌಸ್ ಹಾಕುವ ಮೊದಲು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿಕೊಳ್ಳಿ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬಟ್ಟೆ ಟೇಪ್ ಸಾಕು.